ಪ್ಲೇನರ್ ಅಟ್ಲಿಯ ಅರ್ಧ ರಿಪೇರಿ

ಹೋಮ್ಸ್ ಕೌಂಟಿಯಲ್ಲಿ ನಿಂತು ಅಟ್ಲಿ ರೇಬರ್ ಎಂದು ಕೂಗಿದರೆ ನಾಲ್ಕು ಗಡ್ಡಗಳು ತಿರುಗಿ ನೋಡುತ್ತವೆ. ಅದಕ್ಕೇ ಊರವರು ಒಬ್ಬನನ್ನು ಹಂದಿ ಅಟ್ಲಿ ಎಂದರು, ಒಬ್ಬನನ್ನು ಗಿಡ್ಡ ಅಟ್ಲಿ, ಇನ್ನೊಬ್ಬನನ್ನು ಗೊಣಗು ಅಟ್ಲಿ. ಈ ಕಥೆಯವನು ಪ್ಲೇನರ್ ಅಟ್ಲಿ. ಹಲಗೆಯನ್ನು ಉದ್ದಕ್ಕೂ ಒಂದೇ ದಪ್ಪಕ್ಕೆ ಹೆರೆದು ಕೊಡುವ ಆ ಯಂತ್ರ ಯಾರ ಅಂಗಡಿಯಲ್ಲಿ ಮುನಿಸಿಕೊಂಡರೂ ಇವನಿಗೇ ಕರೆ. ಹಲಗೆಯ ತುದಿಯಲ್ಲಿ ಗುಳಿ ಬೀಳುತ್ತಿದೆಯೋ, ಮೈಮೇಲೆ ಅಲೆ ಏಳುತ್ತಿದೆಯೋ, ಅರ್ಧ ದಾರಿಯಲ್ಲಿ ನಿಂತು ಸುಡುತ್ತಿದೆಯೋ, ಹೊಸಿಲಲ್ಲಿ ನಿಂತು ಸದ್ದು ಕೇಳಿಯೇ ಹೇಳಿಬಿಡುತ್ತಿದ್ದ. ಆಮೇಲೆ ಬೈಗುಳ. ಅಲಗು ಮೊಂಡಾಗುವವರೆಗೆ ಓಡಿಸಿದವನಿಗೆ ಒಂದು ಪಾಲು, ಹಲಗೆಯಲ್ಲಿ ಮೊಳೆ ಇದೆಯೇ ಎಂದು ನೋಡದೆ ತುರುಕಿದವನಿಗೆ ಎರಡು ಪಾಲು. ಹಾಗೆ ತುರುಕಿದವನೊಬ್ಬನನ್ನು ಕತ್ತೆ ಎಂದೇ ಬೈದಿದ್ದ. ಆ ಕತ್ತೆ ಬಿಷಪ್ಪನೇ ಆಗಿದ್ದ.

ಇಂಥ ಅಟ್ಲಿ ಒಂದೇ ಒಂದು ಅಂಗಡಿಯಲ್ಲಿ ಮಾತ್ರ ರಿಪೇರಿಯನ್ನು ಪೂರ್ತಿ ಮಾಡುತ್ತಿರಲಿಲ್ಲ. ಅದು ಫೆರ್ನಾ ಮಾಸ್ಟ್‌ಳ ಕುರ್ಚಿ ಅಂಗಡಿ. ಫೆರ್ನಾ ವಿಧವೆ, ಗಂಡ ಬಿಟ್ಟುಹೋದ ಯಂತ್ರಗಳನ್ನು ತಾನೇ ನಡೆಸುತ್ತಿದ್ದಳು. ಅಟ್ಲಿಯೂ ಹೆಂಡತಿ ತೀರಿಕೊಂಡವನು. ನಮ್ಮಲ್ಲಿ ಗಂಡು ಹೆಣ್ಣಿಗೆ ಎಷ್ಟೇ ವಯಸ್ಸಾಗಿರಲಿ, ಭಾನುವಾರದ ಪ್ರಾರ್ಥನಾ ಸಭೆಯಲ್ಲಿ ಚರ್ಚಿನ ಹಿರಿಯ ಡೀಕನ್ ಎದ್ದು ಮದುವೆ ಸಾರುವ ತನಕ ವಿಷಯ ಹೊರಗೆ ಬೀಳಬಾರದು. ವಿಧವೆಯ ಅಂಗಳದಲ್ಲಿ ಅಟ್ಲಿಯ ಕುದುರೆ ಸುಮ್ಮನೆ ನಿಂತಿತೆಂದರೆ ಸಂಜೆಯೊಳಗೆ ಊರೆಲ್ಲ ಗುಸುಗುಸು. ಪ್ಲೇನರ್ ಕೆಟ್ಟಿದೆ ಎಂದರೆ ಯಾರೂ ತುಟಿ ಬಿಚ್ಚುವಂತಿಲ್ಲ.

ಹಾಗಾಗಿ ಅಟ್ಲಿ ಒಂದು ಸಲ ಅಲಗಿಗೆ ಸಾಣೆ ಹಿಡಿದು, ಹಲಗೆ ಜಾರುವ ಕಬ್ಬಿಣದ ಮೇಜಿಗೆ ಮೇಣ ಹಚ್ಚದೆ ಎದ್ದುಬರುತ್ತಿದ್ದ. ಕೆಲವು ವಾರಗಳಲ್ಲಿ ಹಲಗೆ ಅಂಟಿಕೊಂಡು ನಿಲ್ಲುತ್ತಿತ್ತು, ಕರೆ ಬರುತ್ತಿತ್ತು. ಇನ್ನೊಂದು ಸಲ ಮೇಣ ಹಚ್ಚಿ, ಹಲಗೆಯನ್ನು ಒಳಕ್ಕೆಳೆಯುವ ರೋಲರಿಗೆ ಹತ್ತಿದ ಪೈನ್ ಮರದ ರಾಳವನ್ನು ಕೆರೆಯದೆ ಬಿಡುತ್ತಿದ್ದ. ಮತ್ತೆ ಕರೆ, ಮತ್ತೆ ಕಾಫಿ, ಮತ್ತೆ ಒಂದು ತುಂಡು ಸೇಬಿನ ಪೈ. ಇದು ಮೋಸವಲ್ಲ, ನಾಳೆಯ ಕೆಲಸವನ್ನು ನಾಳೆಗೇ ಬಿಡುವುದು ಎಂದು ಅವನು ಪ್ರಾರ್ಥನೆಯ ಹೊತ್ತಿನಲ್ಲಿ ದೇವರಿಗೂ ವಿವರಿಸಿದ್ದ.

ಆದರೆ ಆ ವರ್ಷ ಬೇಸಿಗೆ ಶುರುವಾದ ಮೇಲೆ ಫೆರ್ನಾಳ ಪ್ಲೇನರ್ ಕೆಡುವುದನ್ನೇ ನಿಲ್ಲಿಸಿತು. ಕರೆಯೂ ಇಲ್ಲ, ಪೈಯೂ ಇಲ್ಲ. ಅದು ಸಾಲದೆಂಬಂತೆ, ಕುದುರೆಯ ಜೀನು ಹೊಲಿಯುವ ರೂಬೆನ್ ಹರ್ಷ್‌ಬರ್ಗರ್ ಗಡ್ಡ ಬಾಚಿಕೊಂಡು, ಚೀಸ್ ಗಡ್ಡೆ ಹಿಡಿದುಕೊಂಡು ಅವಳ ಅಂಗಡಿಯತ್ತ ಹೋಗುವುದು ಕಣ್ಣಿಗೆ ಬಿತ್ತು. ಅವನೂ ಹೆಂಡತಿ ಇಲ್ಲದವನೇ. ಕುರ್ಚಿ ನೋಡುವುದಕ್ಕಂತೆ. ಮೂರು ಸಲ ನೋಡಬೇಕಾದ ಕುರ್ಚಿ ಎಂಥದು? ಅಟ್ಲಿಯ ಹೊಟ್ಟೆ ಉರಿಯಿತು. ಇವತ್ತು ಮದುವೆಯ ಮಾತು ಕೇಳಿಯೇ ಬಿಡಬೇಕು, ಇಲ್ಲದಿದ್ದರೆ ಡೀಕನ್ ಫೆರ್ನಾಳ ಹೆಸರಿನ ಜೊತೆ ರೂಬೆನ್ನನ ಹೆಸರನ್ನು ಸಾರುತ್ತಾನೆ ಎಂದು ಗಾಡಿ ಕಟ್ಟಿದ.

ನೆಪವೂ ಸಿಕ್ಕಿತ್ತು. ನಮ್ಮ ಪಂಗಡದವರು ಕರೆಂಟು ಬಳಸುವವರಲ್ಲ. ಹಿಂದಿನ ಷೆಡ್ಡಿನ ಡೀಸೆಲ್ ಎಂಜಿನ್ ಎಣ್ಣೆಯನ್ನು ಪೈಪಿನಲ್ಲಿ ದೂಡುತ್ತದೆ, ಆ ಎಣ್ಣೆಯ ರಭಸಕ್ಕೆ ಪ್ಲೇನರ್ ತಿರುಗುತ್ತದೆ. ಎಣ್ಣೆ ಹೋಗಲು ಒಂದು ಪೈಪು, ಮರಳಲು ಒಂದು ಪೈಪು. ಅವುಗಳಲ್ಲೊಂದು ಜಿನುಗುತ್ತಿದ್ದದ್ದನ್ನು ಅಟ್ಲಿ ಹಿಂದೆಯೇ ನೋಡಿ ಇಟ್ಟುಕೊಂಡಿದ್ದ.

ಅಂಗಡಿಗೆ ಹೋದರೆ ರೂಬೆನ್ ಆಗಲೇ ಒಂದು ಕುರ್ಚಿಯಲ್ಲಿ ಕಾಲು ಚಾಚಿ ಕೂತಿದ್ದ. ಅಟ್ಲಿ ಎರಡೂ ಪೈಪು ಬಿಚ್ಚಿ ಹೊಸವನ್ನು ಹಾಕಿದ. ಕೈ ಪೈಪಿನ ಮೇಲಿತ್ತು, ಕಣ್ಣು ರೂಬೆನ್ನನ ಮೇಲಿತ್ತು. ಹೋಗುವುದನ್ನು ಬರುವ ಕಡೆಗೂ ಬರುವುದನ್ನು ಹೋಗುವ ಕಡೆಗೂ ಸಿಕ್ಕಿಸಿ ಬಿಗಿದುಬಿಟ್ಟ. ಪ್ಲೇನರ್ ಹಿಂದುಮುಂದಾಗಿ ತಿರುಗತೊಡಗಿತು.

ಹಲಗೆ ಕೊಟ್ಟರೆ, ಗಂಜಿ ಬೇಡವೆನ್ನುವ ಕೂಸಿನಂತೆ ಅದು ಹೊರಕ್ಕೆ ಉಗುಳಿತು. ಅಟ್ಲಿ ಮೇಜಿಗೆ ಮೇಣ ಹಚ್ಚಿದ. ಉಗುಳಿತು. ರೋಲರ್ ಒರೆಸಿದ, ಸ್ಪ್ರಿಂಗು ಬಿಗಿದ, ಅಲಗು ಬಿಚ್ಚಿ ಮತ್ತೆ ಕೂರಿಸಿದ. ಎಲ್ಲದಕ್ಕೂ ಉಗುಳಿತು. ಫೆರ್ನಾಳ ಅಂಗಡಿಯಲ್ಲಿ ಅವನು ಮೊದಲ ಸಲ ಪೂರ್ತಿ ರಿಪೇರಿ ಮಾಡಿದ್ದು ಅವತ್ತೇ, ಅದೂ ದಂಡಕ್ಕೆ.

"ಏನೋ ಅಟ್ಲಿ, ಪ್ಲೇನರ್‌ಗೆ ಹಸಿವಿಲ್ವೇನೋ?" ಎಂದ ರೂಬೆನ್.

"ನಿನ್ನ ಚೀಸ್ ನಾತಕ್ಕೆ ಕಣಯ್ಯಾ. ಸ್ವಲ್ಪ ಆಚೆ ಕೂತ್ಕೋ."

ಕುರ್ಚಿಯ ಕಾಲು ಉಜ್ಜುತ್ತಿದ್ದ ಫೆರ್ನಾ ಅದನ್ನು ಕೆಳಗಿಟ್ಟಳು. ಪ್ಲೇನರಿನ ಹಿಂಬದಿಗೆ ಹೋದಳು. ರೋಲರಿಗೆ ಮಾತ್ರ ತಾಗಿ ಅಲಗಿಗೆ ತಾಗದಷ್ಟು ಮೇಜನ್ನು ಇಳಿಸಿ, ಹಲಗೆಯನ್ನು ಆ ಕಡೆಯಿಂದ ಒಳಗಿಟ್ಟಳು. ಹಲಗೆ ಸಲೀಸಾಗಿ ತೂರಿಬಂದು, ಈ ಕಡೆ ನಿಂತಿದ್ದ ಅಟ್ಲಿಯ ಹೊಟ್ಟೆಗೆ ಮೆಲ್ಲಗೆ ತಿವಿಯಿತು.

"ಮೆಶೀನ್‌ಗೆ ಏನೂ ಆಗಿಲ್ಲ ಅಟ್ಲಿ. ನೀನೇ ತಪ್ಪು ಕಡೆ ನಿಂತಿದೀಯ."

ರೂಬೆನ್ ನಕ್ಕ ರಭಸಕ್ಕೆ ಕುರ್ಚಿ ಕಿರುಗುಟ್ಟಿತು. ಫೆರ್ನಾ ಎಂಜಿನ್ ನಿಲ್ಲಿಸಿ ಬಂದಳು. ರೂಬೆನ್ನನ ಕುದುರೆ ತನ್ನ ಸೊಪ್ಪಿನ ಮಡಿಗೆ ಬಾಯಿ ಹಾಕಿದೆಯೆಂದೂ, ಅದನ್ನು ಎಳೆದುಕೊಂಡು ಹಾಗೇ ಮನೆಗೆ ಹೋಗುವುದು ಒಳ್ಳೆಯದೆಂದೂ ಅವನಿಗೆ ಹೇಳಿದಳು. ಹೋಗುವ ಮುಂಚೆ ಅವನ ಚೀಸನ್ನೂ ಅವನ ಕೈಗೇ ಕೊಟ್ಟಳು. ನಗು ಅಲ್ಲಿಗೇ ನಿಂತಿತು.

ಗಾಡಿಯ ಸದ್ದು ದೂರವಾದ ಮೇಲೆ ಅವಳು ಕೇಳಿದಳು: "ಸೋರ್ತಾ ಇದ್ದಿದ್ದು ಒಂದೇ ಪೈಪು. ಎರಡು ಯಾಕೆ ಬಿಚ್ದೆ?"

ಅಟ್ಲಿ ಸ್ಪ್ಯಾನರನ್ನೇ ನೋಡುತ್ತ, "ಜಾಸ್ತಿ ಹೊತ್ತು ಹಿಡೀಲಿ ಅಂತ" ಎಂದ.

"ನೀನು ಮೇಣ ಹಚ್ಚದೆ ಹೋಗ್ತಿದ್ದೆ, ರಾಳ ಕೆರೀದೆ ಹೋಗ್ತಿದ್ದೆ. ನಾನೇನು ಕುರುಡೀನಾ? ಈ ಸಲ ಎಲ್ಲಾ ನಾನೇ ಮಾಡಿಟ್ಟೆ. ನೆಪ ಇಲ್ದೆ ಬರೋ ಧೈರ್ಯ ಇದೆಯಾ ಇವನಿಗೆ, ನೋಡೋಣ ಅಂತ. ಇಡೀ ಬೇಸಿಗೆ ಕಾದೆ. ಬಂದೆ ನೀನು, ಪೈಪು ಹಿಡ್ಕೊಂಡು."

ಬಿಷಪ್ಪನಿಗೂ ಹೆದರದ ಅಟ್ಲಿ ಸ್ಪ್ಯಾನರನ್ನು ಎರಡು ಸಲ ಒರೆಸಿದ. ಆಮೇಲೆ ಕೇಳಿದ. "ನನ್ನ ಮದ್ವೆ ಆಗ್ತೀಯಾ ಫೆರ್ನಾ?"

"ಆಗ್ತೀನಿ. ಆದ್ರೆ ಈ ಪ್ಲೇನರ್ ನಂದು. ನೀನು ಮುಟ್ಟೋ ಹಾಗಿಲ್ಲ."

ಅವನ ಕಿವಿ ಕೆಂಪೇರಿತು. ಬೇರೆ ಯಾರಾದರೂ ಹೀಗೆಂದಿದ್ದರೆ ಮೂರು ಪಾಲು ಬೈಗುಳ ಸಿಗುತ್ತಿತ್ತು.

"ಅಲಗು ಸಾಣೆ ಹಿಡಿಯೋದು?"

"ಊಹೂಂ."

"ಹೋಗ್ಲಿ, ಮೇಣ ಹಚ್ಚೋದಾದ್ರೂ?"

ಫೆರ್ನಾ ಯೋಚಿಸಿದಳು. "ಮೇಣ ಹಚ್ಚು. ನಾನು ಪಕ್ಕದಲ್ಲಿ ನಿಂತಿರೋವಾಗ."

ಅಟ್ಲಿ ತಲೆಯಾಡಿಸಿ, ಅದಲುಬದಲಾಗಿದ್ದ ಪೈಪುಗಳನ್ನು ಸರಿಪಡಿಸಲು ನೆಲಕ್ಕೆ ಮಂಡಿಯೂರಿದ. ಅವಳು ಅವನ ಕೈಯಿಂದ ಸ್ಪ್ಯಾನರನ್ನು ಕಿತ್ತುಕೊಂಡಳು.