ಮೆತ್ತನೆಯ ಬೆಸುಗೆ

ನಮ್ಮ ಪತ್ತಾರರಿಗೆ ಎಡಗಡೆಯ ಹುಬ್ಬಿರಲಿಲ್ಲ. ಊದುಗೊಳವೆಯ ಉರಿಗೆ ಎಂದೋ ಸುಟ್ಟುಹೋದದ್ದು ಮತ್ತೆ ಬೆಳೆದಿರಲಿಲ್ಲ. ಹಾಗಾಗಿ ಗಂಭೀರ ಮಾತಾಡುವಾಗಲೂ ಅರ್ಧ ಮುಖ ಏನೋ ಚೇಷ್ಟೆಗೆ ಸಿದ್ಧವಾದಂತೆ ಕಾಣುತ್ತಿತ್ತು. ಗೋಕಾಕದ ಪೇಟೆಯಲ್ಲಿ ಅವರದು ಇಬ್ಬರು ಕೂರುವಷ್ಟು ಅಕ್ಕಸಾಲಿ ಅಂಗಡಿ. ಉಂಗುರ ಬೇಕೆಂದರೆ ಮೊದಲು ಕೈಯನ್ನು ತಮ್ಮ ಮೊಣಕಾಲ ಮೇಲಿಟ್ಟುಕೊಂಡು ಬೆರಳಿನ ಗೆಣ್ಣು ಒತ್ತಿ ನೋಡುವರು. ಅಳತೆಯ ಚೀಟಿ ಕೊಟ್ಟರೆ ಮುಟ್ಟುತ್ತಿರಲಿಲ್ಲ. "ಚೀಟಿ ಉಂಗುರ ಹಾಕ್ಕೊಳ್ಳಂಗಿಲ್ರಿ ಅಕ್ಕಾರ, ಕೈ ಕರಕೊಂಡ ಬರ್ರಿ."

ಮಗನ ಮದುವೆಗೆ ನನ್ನದೊಂದು ಹಟವಿತ್ತು. ನನ್ನ ಯಜಮಾನರ ಬಂಗಾರದ ಉಂಗುರ ಸವೆದು ಸವೆದು ನೂಲಿನಂತಾಗಿ, ಅವರು ಹೋಗುವ ಮೊದಲೇ ಎಲ್ಲೋ ಕಳಚಿಬಿದ್ದಿತ್ತು. ಮಗ ಕೊಣ್ಣೂರಲ್ಲಿ ಲೇತ್ ಮಷೀನ್ ಇಟ್ಟವನು, ದಿನವಿಡೀ ಕಬ್ಬಿಣದ ಸಂಗಡ ಕೈ. ಅವನಿಗೆ ನಾನು ಓದಿದ ಕಾನ್ವೆಂಟಿನ ಸಿಸ್ಟರುಗಳ ಬೆರಳಲ್ಲಿದ್ದಂಥ ಪ್ಲೇನ್ ಬ್ಯಾಂಡ್ ಬೇಕು. ಸ್ಟೀಲೋ ಟೈಟೇನಿಯಮ್ಮೋ, ಲೈಫ್‌ಟೈಮ್ ಬಾಳಬೇಕು.

"ಬಂಗಾರದಾಗ ತಾಮ್ರ ಜಾಸ್ತಿ ಹಾಕಿ ಮಾಡ್ತೇನಿ. ಸವದ್ರ ಸವೀಲಿ ಬಿಡ್ರಿ," ಎಂದರು ಪತ್ತಾರರು.

"ನನಗ ಸ್ಟ್ರಾಂಗೆಸ್ಟ್ ಬೇಕ್ರಿ."

"ಸೊಸಿ ಸ್ಟ್ರಾಂಗ್ ಇದ್ರ ಸಾಕ್ರಿ."

ಮಗನ ಕೈ ಒತ್ತಿ ನೋಡಿ, ಅವನ ಕೆಲಸ ಕೇಳಿಕೊಂಡು, ಕೆಂಪು ಛಾಯೆಯ ಉಂಗುರವನ್ನೇ ಮಾಡಿಕೊಟ್ಟರು. ಮನೆಗೆ ತಂದು ಕನ್ನಡಕ ಹಾಕಿಕೊಂಡು ನೋಡಿದರೆ, ಒಳಮೈಯಲ್ಲಿ ಕೂದಲೆಳೆಯಂಥ ಬೆಸುಗೆಯ ಗೆರೆ. ಮರುದಿನ ಒಯ್ದು ತೋರಿಸಿದೆ. "ಅದು ಹಂಗ ಇರ್ಲಿ ಅಕ್ಕಾರ. ಮದುವಿ ಮುಗೀಲಿ, ಹೇಳ್ತೇನಿ," ಎಂದರಷ್ಟೆ.

ಕೇಳಲು ನಾನು ಹೋಗಲೇ ಇಲ್ಲ. ಬದಲಿಗೆ ಬೀಗರ ಮುಂದೆ, ಓಣಿಯವರ ಮುಂದೆ "ಪೂರ್ ವರ್ಕ್‌ಮನ್‌ಶಿಪ್" ಎಂದೆ. ತಿಳಿಯದವರಿಗೆ ಕೆಲಸ ಕಚ್ಚಾ ಎಂದು ಕನ್ನಡದಲ್ಲೂ ಬಿಡಿಸಿ ಹೇಳಿದೆ. ಎರಡು ಮನೆಯವರು ತಾಳಿ ಮಾಡಿಸಲು ಬೇರೆ ಕಡೆ ಹೋದರು.

ವರ್ಷ ತುಂಬಿರಲಿಲ್ಲ, ತಿರುಗುವ ಲೇತ್‌ಗೆ ಮಗನ ಉಂಗುರ ಸಿಕ್ಕಿತು. ಎಳೆದ ಏಟಿಗೆ ಬೆಸುಗೆ ಬಿಟ್ಟು, ಉಂಗುರ ಬಾಯಿ ತೆರೆದು ಸಿಡಿಯಿತು. ಚರ್ಮ ಸುಲಿದಿತ್ತು, ಬೆರಳು ಉಳಿದಿತ್ತು.

ಒಡೆದದ್ದನ್ನು ಮುಷ್ಟಿಯಲ್ಲಿ ಹಿಡಿದು ಹೋಗಿ, ಆದದ್ದು ಹೇಳಿದೆ. ಪತ್ತಾರರು ಉಂಗುರದ ಕಡೆ ನೋಡಲೇ ಇಲ್ಲ.

"ಬೆರಳ ಐತೇನ್ರಿ?"

"ಐತ್ರಿ."

ಆಗ ಊದುಗೊಳವೆ ಕೆಳಗಿಟ್ಟರು. "ಮಷೀನ್ ಮ್ಯಾಲಿನ ಕೈಗೆ ಒಂದ್ ಕಡೆ ಬೆಸುಗಿ ಮೆತ್ತಗ ಬಿಡ್ತೇನ್ರಿ. ಮದುವಿ ಮನ್ಯಾಗ ಬೆರಳ ಹೋಗೂ ಮಾತು ಹೆಂಗ ಆಡ್ಲಿ? ಉಂಗುರ ಒಡದ್ರ ಮತ್ತ ಮಾಡ್ತೇನಿ. ಬೆರಳ ಮಾಡಾಕ ನನಗ ಬರಂಗಿಲ್ಲ."

"ಸಾರಿ," ಎಂದೆ. ಇಂಗ್ಲಿಷಿನಲ್ಲಿ ಅದು ಎಷ್ಟು ಹಗುರ. ಅವರನ್ನು ದೂರಲು ಸಲೀಸಾಗಿ ಬಂದಿದ್ದ ಕನ್ನಡ ಆ ಹೊತ್ತಿಗೆ ಬಾಯಿಗೆ ಬರಲಿಲ್ಲ. ಅವರು ಅದೇ ಜಾಗಕ್ಕೆ ಅದೇ ಮೆತ್ತನೆಯ ಬೆಸುಗೆ ಹಾಕಿಕೊಟ್ಟರು.

ಈ ಶ್ರಾವಣದಲ್ಲಿ ಪತ್ತಾರರು ತೀರಿಕೊಂಡರು. ಅವರ ಮನೆಯ ಪಡಸಾಲೆಯಲ್ಲಿ ಓಣಿಯವರೆಲ್ಲ ಕೂಡಿದ್ದರು. ಅವರೆಲ್ಲರಿಗೂ ಕೇಳುವ ಹಾಗೆ ಹೇಳಿದೆ: "ಇವರ ಕೆಲಸ ಕಚ್ಚಾ ಅಂತ ನಾ ಹೆಸರಿಟ್ಟಿದ್ದು ಸುಳ್ಳು. ತಪ್ಪಾತ್ರಿ."

ಕೇಳಬೇಕಾದವರು ಕಣ್ಣು ಮುಚ್ಚಿದ್ದರು. ಹುಬ್ಬಿಲ್ಲದ ಆ ಕಡೆ ಮಾತ್ರ ಇನ್ನೂ ಏನೋ ಚೇಷ್ಟೆಗೆ ಸಿದ್ಧವಾದಂತಿತ್ತು.