ಜೋಡಿಯಾಗದ ಪಾದಗಳ ಅಳತೆಯಕ್ಕ

ಬೆಳಗಿನ ಐದೂವರೆ. ಅಂಗಡಿಯ ಬಾಗಿಲು ಅರ್ಧ ಮಾತ್ರ ತೆರೆದಿದೆ. ಒಳಗೆ ಹೆಂಗಸೊಬ್ಬರು ಟೇಬಲ್ ಫ್ಯಾನನ್ನು ತಮ್ಮ ಕಡೆಗಲ್ಲ, ಹಳೆಯ ಕಂಪ್ಯೂಟರಿನ ಕಡೆಗೆ ತಿರುಗಿಸಿ ಕೂತಿದ್ದಾರೆ. ಅದರ ಪಕ್ಕದ ತಗಡು ಬಿಚ್ಚಿಟ್ಟು ತಿಂಗಳುಗಳೇ ಆಗಿವೆ. "ಸ್ವಲ್ಪ ತಡೀರಿ, ಏಳೋಕೆ ಹತ್ತು ನಿಮಿಷ ತಗೊಳ್ಳುತ್ತೆ. ನನ್ನ ಮಂಡಿನೂ ಅಷ್ಟೇ," ಅನ್ನುತ್ತಾರೆ.

ಗಿರಾಕಿಗಳಿಗೆ ಇವರು ಅಳತೆಯಕ್ಕ. ಎರಡು ಕಾಲೂ ಒಂದೇ ಥರ ಇಲ್ಲದವರಿಗೆ ಶೂ ಮಾಡಿಕೊಡುವುದು ಇವರ ಕಸುಬು. ಪೋಲಿಯೋ ಆದವರು, ಅಪಘಾತದಲ್ಲಿ ಒಂದು ಕಾಲು ಗಿಡ್ಡವಾದವರು, ಸಕ್ಕರೆ ಕಾಯಿಲೆಗೆ ಬೆರಳು ಕಳೆದುಕೊಂಡವರು ಬರುತ್ತಾರೆ. ಇವರು ಕಂಪ್ಯೂಟರಿನಲ್ಲಿ ನಕ್ಷೆ ಬಿಡಿಸಿದರೆ, ಒಳಕೋಣೆಯಲ್ಲಿ ಇವರ ಅಣ್ಣ ಚರ್ಮ ಕತ್ತರಿಸಿ ಹೊಲಿಯುತ್ತಾರೆ. ಒಂದೊಂದು ಪಾದಕ್ಕೆ ಮೂವತ್ತೆರಡು ಅಳತೆ. ಹಳೆಯ ಕಂಪ್ಯೂಟರಿನಲ್ಲಿ ಆರುನೂರ ನಲವತ್ತು ಜನರ ಪಾದಗಳಿವೆ. ಅದರ ಸಾಫ್ಟ್‌ವೇರನ್ನು ಹನ್ನೊಂದು ವರ್ಷದ ಹಿಂದೆ ಒಂದೇ ಸಲಕ್ಕೆ ಕೊಂಡು ಹಾಕಿಸಿದ್ದು. ಮಾಡಿದ ಕಂಪನಿ ಬಾಗಿಲು ಹಾಕಿದೆ, ಬೇರೆ ಯಂತ್ರದಲ್ಲಿ ಅದು ಕೂರುವುದಿಲ್ಲ. ಯಂತ್ರವೋ ಇಂದೋ ನಾಳೆಯೋ ಅನ್ನುವಂತಿದೆ.

ಹಾಗಾಗಿ ಪಕ್ಕದಲ್ಲೊಂದು ಲ್ಯಾಪ್‌ಟಾಪ್, ಅದರಲ್ಲಿ ತಿಂಗಳ ಚಂದಾದ ಸಾಫ್ಟ್‌ವೇರ್. ಅಳತೆಗಳೆಲ್ಲ ಇರುವುದು ಕಂಪನಿಯ ಕ್ಲೌಡ್‌ನಲ್ಲಿ, ಅಂದರೆ ಎಲ್ಲೋ ದೂರದ ಕಂಪ್ಯೂಟರುಗಳಲ್ಲಿ. ಹಳೆಯ ಫೈಲು ಇದಕ್ಕೆ ಓದಲು ಬರದು. ಅದರಲ್ಲಿ ನೋಡಿ ಇದರಲ್ಲಿ ಕೈಯಾರೆ ತುಂಬಬೇಕು. ಒಂದು ಬೆಳಿಗ್ಗೆಗೆ ನಾಲ್ಕು ಜನರದು ಮುಗಿಯುತ್ತದೆ, ಇನ್ನೂ ನಾನೂರು ಚಿಲ್ಲರೆ ಬಾಕಿ. ಕೇಳಿಯೇ ನನಗೆ ಸುಸ್ತಾಯಿತು.

"ಹೊಸದನ್ನ ಬಯ್ಯಲ್ಲ ನಾನು. ನಡೆಯೋಕಾಗದವರ ಮನೆಗೇ ಹೋಗಿ ಫೋನಲ್ಲಿ ಅಳತೆ ತುಂಬ್ತೀನಿ, ನಾನು ಬರೋಷ್ಟರಲ್ಲಿ ಅಣ್ಣ ಚರ್ಮ ಕತ್ತರಿಸಿರ್ತಾನೆ. ಲ್ಯಾಪ್‌ಟಾಪ್ ಸುಟ್ಟುಹೋದ್ರೂ ಅಳತೆಗೆ ಏನೂ ಆಗಲ್ಲ. ಆದ್ರೆ ನೆಟ್ ಹೋದ್ರೆ ಕೈಕಟ್ಟಿ ಕೂತ್ಕೋಬೇಕು. ಹಳೇದು ಹಾಗಲ್ಲ, ನಾನು ಹೇಗೆ ಬಿಟ್ಟಿದ್ನೋ ಹಾಗೇ ಇರುತ್ತೆ."

ಹಾಗೇ ಇರುವುದು ಎಷ್ಟು ದೊಡ್ಡದು ಅಂತ ಇವರಿಗೆ ತಿಳಿದದ್ದು ಎರಡು ತಿಂಗಳ ಹಿಂದೆ. ಹೊಸ ಸಾಫ್ಟ್‌ವೇರ್ ಇವರನ್ನು ಕೇಳದೆ ತಾನೇ ಅಪ್‌ಡೇಟ್ ಆಯಿತು. ಎಡಗಾಲಿಗೂ ಬಲಗಾಲಿಗೂ ವ್ಯತ್ಯಾಸ ಕಂಡರೆ ಅದು ತುಂಬಿದವರ ತಪ್ಪೆಂದು ತಿಳಿದು ಸರಿದೂಗಿಸುವ ಜಾಣತನ ಅದಕ್ಕೆ ಬಂದಿತ್ತು. ಬಂದು ಬಂದು ಈ ಅಂಗಡಿಗೇ ಆ ಬುದ್ಧಿ ಬರಬೇಕೆ? ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರ ಎಡಗಾಲು ಎರಡು ಸೆಂಟಿಮೀಟರ್ ಗಿಡ್ಡ. ಅವರ ಎರಡು ಶೂಗಳಿಗೂ ಒಂದೇ ಎತ್ತರದ ನಕ್ಷೆ ಬಂತು. ಅಣ್ಣನಿಗೆ ಅನುಮಾನ.

"ಕಂಪ್ಯೂಟರ್ ಹೇಳಿದೆಯಲ್ಲ, ಹೊಲಿ ಅಂದುಬಿಟ್ಟೆ. ಮೂವತ್ತು ವರ್ಷದ ಕಣ್ಣಿದ್ದೂ ನೋಡಲಿಲ್ಲ ನಾನು," ಅನ್ನುತ್ತಾರೆ ಅಳತೆಯಕ್ಕ.

ಪೋಸ್ಟ್‌ಮ್ಯಾನ್ ಮೆಟ್ಟಿಲ ಮೇಲೆ ಬಿದ್ದರು, ಮಣಿಕಟ್ಟು ಮುರಿಯಿತು. ಹಳೆಯ ಕಂಪ್ಯೂಟರ್ ತೆರೆದು ನೋಡಿದರೆ ಆ ಎರಡು ಸೆಂಟಿಮೀಟರ್ ಅಲ್ಲೇ ಇತ್ತು. ಕ್ಷಮೆ ಕೇಳಲು ಮನೆಗೆ ಹೋದಾಗ ಅವರು ಬಯ್ಯಲಿಲ್ಲವಂತೆ. "ಮೊದಲ ಸಲ ನನ್ನ ಎರಡು ಶೂನೂ ಒಂದೇ ಥರ ಇತ್ತಮ್ಮ. ನನಗೆ ಖುಷಿಯಾಗಿತ್ತು" ಅಂದರಂತೆ.

ಈಗ ತುಂಬಿದ ಪ್ರತಿ ಅಳತೆಯನ್ನೂ ಕಾಗದಕ್ಕೆ ಇಳಿಸಿಡುತ್ತಾರೆ. ಪ್ರತಿ ಸಲ ಅಪ್‌ಡೇಟ್ ಆದ ಮರುದಿನ ಕಾಗದ ಹಿಡಿದು ಎಲ್ಲವನ್ನೂ ಮೊದಲಿನಿಂದ ತಾಳೆ ನೋಡುತ್ತಾರೆ. ಕಣ್ಣು ಉರಿಯುತ್ತದೆ, ಬೆನ್ನು ಹಿಡಿದುಕೊಳ್ಳುತ್ತದೆ, ಎಂಟಕ್ಕೆ ಗಿರಾಕಿ ಬರುತ್ತಾರೆ.

ನಿಮಗೇನು ಬೇಕು ಅಂತ ಕೇಳುತ್ತೇನೆ. ಒಳ್ಳೆಯ ಯಂತ್ರ ಅನ್ನಬಹುದು, ರಜೆ ಅನ್ನಬಹುದು ಅಂದುಕೊಂಡಿದ್ದೆ. ಅಳತೆಯಕ್ಕ ಪರದೆಯಿಂದ ಕಣ್ಣು ತೆಗೆಯದೆ ಮುಂದಿನ ಅಂಕಿ ಒತ್ತುತ್ತಾರೆ.

"ನಾನು ಮಲಗಿರೋವಾಗ ಯಾರೂ ಬಂದು ನನ್ನವರ ಕಾಲನ್ನ ಸರಿ ಮಾಡಬಾರದು. ಅಷ್ಟು ಸಾಕು."