ತನಿಖೆಗೆ ಸಿಕ್ಕ ನಿಂಬೆಹಣ್ಣು

ಬಾಗಿಲು ತೆರೆದರೆ ಕಪ್ಪು ಸೂಟಿನ ವ್ಯಕ್ತಿಯೊಬ್ಬರು ಪ್ಲಾಸ್ಟಿಕ್ ಚೀಲ ಎತ್ತಿ ಹಿಡಿದು ನಿಂತಿದ್ದರು. ಒಳಗೆ ಅಪ್ಪಚ್ಚಿಯಾದ ನಿಂಬೆಹಣ್ಣು.

“ಸುಮಿಮಾಸೆನ್, ಕ್ಷಮಿಸಿ, ಇದು ನಿಮ್ಮದೇ?”

ಅವರು ತನಾಕಾ ಸಾನ್, ಗಣ್ಯರ ಭದ್ರತೆ ನೋಡಿಕೊಳ್ಳುವ ಪೊಲೀಸ್ ತನಿಖಾಧಿಕಾರಿ. ಮರುದಿನ ಜಪಾನಿನ ಹಮಾಮತ್ಸು ಊರಿನ ನಮ್ಮ ಬೀದಿಯಲ್ಲೇ ಮಂತ್ರಿಯೊಬ್ಬರು ಹಾದುಹೋಗುವವರಿದ್ದರಂತೆ. ನಾನೋ ಬೆಳಿಗ್ಗೆಯೇ ಆಯುಧಪೂಜೆ ಮಾಡಿ, ಕಾರಿನ ಚಕ್ರದಡಿ ನಿಂಬೆಹಣ್ಣಿಟ್ಟು ಹತ್ತಿಸಿ, ಕುಂಕುಮ ತುಂಬಿದ ಕುಂಬಳಕಾಯಿಯನ್ನು ಬೀದಿಯ ತಿರುವಿನಲ್ಲಿ ಒಡೆದಿದ್ದೆ. ಯಾರೋ ಅದನ್ನು ರಕ್ತವೆಂದುಕೊಂಡು ಫೋನ್ ಮಾಡಿದ್ದರು. ಬಾನೆಟ್ ಮೇಲಿನ ಕುಂಕುಮ ನೋಡಿ ಇವರು ನೇರ ನಮ್ಮ ಮನೆಗೇ ಬಂದಿದ್ದರು.

ಬೆವರುತ್ತಲೇ ದೃಷ್ಟಿ ತೆಗೆಯುವುದನ್ನು ನನಗೆ ಬಂದ ಜಪಾನಿ ಭಾಷೆಯಲ್ಲಿ ವಿವರಿಸಿದೆ. ಕೆಟ್ಟದ್ದು ಹತ್ತಿರ ಬರುವ ಮೊದಲೇ ಅದನ್ನು ತಡೆಯುವುದಕ್ಕೆ ಅಂದೆ. ಅವರು ನಗಲಿಲ್ಲ.

“ನನ್ನ ಕೆಲಸವೂ ಅದೇ” ಅಂದರು.

ಆದರೂ ಬಿಡಲಿಲ್ಲ. ನಾನು ಪೊರಕೆ, ಬಕೆಟ್ ಹಿಡಿದು ರಸ್ತೆ ತೊಳೆದು ಮುಗಿಸುವವರೆಗೂ ಕೈಕಟ್ಟಿ ನಿಂತಿದ್ದರು. ಆಮೇಲೆ ತಮ್ಮ ಕಾರನ್ನು ಒಂದು ಸುತ್ತು ಬಂದು, ಮೆಲ್ಲಗೆ ಕೇಳಿದರು: “ನಾಲ್ಕು ಚಕ್ರಕ್ಕೂ ಇಡಬೇಕಾ?”

ಅಂದಿನಿಂದ ಆಯುಧಪೂಜೆಗೆ ನಾಲ್ಕು ನಿಂಬೆಹಣ್ಣು ಜಾಸ್ತಿಯೇ ತರುತ್ತೇನೆ. ತನಾಕಾ ಸಾನ್ ಬಂದರೂ ಬರಬಹುದು. ಕುಂಬಳಕಾಯಿ ಮಾತ್ರ ಈಗ ನೇರ ಹುಳಿಗೆ ಹೋಗುತ್ತದೆ.